ಅರವತ್ನಾಲ್ಕು ಬಿಟ್ಟು

ಬನಹಟ್ಟಿಯ ಭೂಪಾಲ ಸೀರೆಯ ಅಂಚಿಗೆ ನಮೂನೆ ಕೂಡಿಸಿಕೊಡುವವನು. ಮೂರು ವರ್ಷದ ಹಿಂದಿನವರೆಗೂ ಅದು ಇಬ್ಬರ ಕೆಲಸವಾಗಿತ್ತು. ಹೆಂಡತಿ ಅನುಸೂಯಾ ಚೌಕುಳಿ ಕಾಗದದ ಮೇಲೆ ತಾನು ಬರೆದ ಹೂವನ್ನು ಓದುವಳು; ಇವನು ಕಂಪ್ಯೂಟರಿನಲ್ಲಿ ಚೌಕದ ಮನೆ ತುಂಬುವನು. "ಎಂಟು ಬಿಟ್ಟು ನಾಲ್ಕು ತುಂಬ್ರಿ" ಎಂದು ಅವಳು. "ಮುಂದ?" ಎಂದು ಇವನು. ಬಿಟ್ಟು ಎಂದರೆ ಅಷ್ಟು ಎಳೆ ಖಾಲಿ ಎಂದರ್ಥ. ಇಪ್ಪತ್ತು ವರ್ಷ ಇದೇ ಮಾತು. ಇದನ್ನು ಬಿಟ್ಟು ಪ್ರೀತಿಯ ಮಾತೇನಾದರೂ ಆಡಿದ್ದರೋ ಇಲ್ಲವೋ, ಆ ಮನೆಯ ಗೋಡೆಗೇ ಗೊತ್ತು!

ಅವಳ ಕೊನೆಯ ನಮೂನೆ ಜೋಳದ ತೆನೆಯ ಅಂಚು. ಅರ್ಧ ತುಂಬುವಷ್ಟರಲ್ಲಿ ಹಾಸಿಗೆ ಹಿಡಿದಳು, ಮತ್ತೆ ಏಳಲಿಲ್ಲ. ಆ ಫೈಲು ತೆಗೆಯುವ ಧೈರ್ಯ ಭೂಪಾಲನಿಗೆ ಬರಲಿಲ್ಲ. ಈ ಬೇಸಿಗೆಯಲ್ಲಿ ಹೇಗೋ ಗಟ್ಟಿಮನಸ್ಸು ಮಾಡಿ ಕೂತರೆ ಆಗ ಬಳಸುತ್ತಿದ್ದ ಹಳೆಯ ಸಾಫ್ಟ್‌ವೇರಿನ ಲೈಸನ್ಸ್ ಮುಗಿದಿತ್ತು. ಬೇರೆ ಯಾವುದರಲ್ಲೂ ಆ ಫೈಲು ತೆರೆಯದು. ಅವಳ ತೆನೆ ಒಳಗೇ ಉಳಿಯಿತಲ್ಲ ಎಂದು ಅವನ ಜೀವ ಹೊಯ್ದಾಡಿತು.

ಕಂಪನಿಗೆ ಫೋನು ಹಚ್ಚಿದ. ಎತ್ತಿದವಳು ಅಕ್ಷತಾ ಎಂಬ ಹುಡುಗಿ.

"ಹೊಸಾ ಲೈಸನ್ಸ್ ಬೇಕನ್ರಿ? ಮೂವತ್ತೆರಡು ಬಿಟ್ಟೋ, ಅರವತ್ನಾಲ್ಕು ಬಿಟ್ಟೋ?"

ಭೂಪಾಲ ಫೋನನ್ನು ಕಿವಿಗೆ ಒತ್ತಿಕೊಂಡ. ಮೂರು ವರ್ಷದ ಮೇಲೆ ಒಂದು ಹೆಣ್ಣುದನಿ ಆ ಮಾತು ಆಡಿತ್ತು!

"ಅರವತ್ನಾಲ್ಕು ಬಿಟ್ಟ ತೆನಿ ಶುರು ಆಗತೈತ್ರಿ" ಎಂದ.

"ಅರವತ್ನಾಲ್ಕು. ಆತ್ರಿ."

ಮರುದಿನ ಲೈಸನ್ಸ್ ಬಂತು. ಸಾಫ್ಟ್‌ವೇರು ಹಾಕಹೋದರೆ ಈ ಕಂಪ್ಯೂಟರಿಗೆ ಹೊಂದುವುದಿಲ್ಲ ಎಂದು ಪರದೆ ಖಡಾಖಂಡಿತ ಹೇಳಿಬಿಟ್ಟಿತು. ಮಧ್ಯಾಹ್ನವಿಡೀ ಊಟ ಬಿಟ್ಟು ತನ್ನನ್ನೇ ಬೈದುಕೊಂಡು ಕೂತ. ಕೊನೆಗೆ ಮತ್ತೆ ಅಕ್ಷತಾಗೆ ಫೋನು ಮಾಡಿ ಎಳೆಯ ಲೆಕ್ಕ ಹೇಳಿದ.

"ಅಯ್ಯ ಕಾಕಾ, ಅದು ಎಳಿ ಬಿಡೂದಲ್ರಿ, ಇಂಗ್ಲಿಷಿನ 'ಬಿಟ್' ರೀ!" ಅವಳಿಗೆ ನಗು ತಡೆಯಲಿಲ್ಲ. "ಕಂಪ್ಯೂಟರಿನ್ಯಾಗಿನ ವಿಂಡೋಸ್ ಎರಡು ನಮೂನಿ ಇರತೈತ್ರಿ. ಮೂವತ್ತೆರಡು ಬಿಟ್ಟಿಂದು ಇದ್ರ ಅದರಾಗ ಅರವತ್ನಾಲ್ಕರ ಸಾಫ್ಟ್‌ವೇರ್ ನಡಿಯಂಗಿಲ್ಲ. ತಗೊಳ್ಳೂ ಮೊದಲ ನೋಡಬೇಕ್ರಿ."

"ಹಂಗಾರ ಎಲ್ಲಾ ಕೆಟ್ಟಂಗನವ್ವಾ?"

"ಇನ್ನೂ ಚಾಲೂ ಮಾಡಿಲ್ಲಲ್ರಿ, ಬದಲಿ ಕೊಡತೀನಿ. ಸಿಸ್ಟಮ್ ಟೈಪ್ ಅಂತ ಎಲ್ಲಿ ಐತಿ ನೋಡ್ರಿ."

ಅವಳು ಹೇಳಿದಲ್ಲಿ ಒತ್ತುತ್ತ ಹೋಗಿ ಹುಡುಕಿ ಓದಿದ. ಅವಳು ಬರೆದುಕೊಳ್ಳುತ್ತ ನಿಧಾನವಾಗಿ ಹೇಳಿದಳು: "ಮೂವತ್ತೆರಡು... ಬಿಟ್ಟು..."

"ಮುಂದ?" ಎಂದುಬಿಟ್ಟ ಭೂಪಾಲ. ಬಾಯಿಯ ರೂಢಿ, ಏನು ಮಾಡುವುದು!

"ಮುಂದ ಏನಿಲ್ರಿ ಕಾಕಾ, ಇಷ್ಟ" ಎಂದು ಅವಳು ಫೋನು ಇಟ್ಟಳು.

ಸಂಜೆಯ ಹೊತ್ತಿಗೆ ಬದಲಿ ಲೈಸನ್ಸ್ ಕೂಡಿತು, ಫೈಲು ತೆರೆಯಿತು. ಅರವತ್ನಾಲ್ಕು ಎಳೆ ಖಾಲಿ, ಆಮೇಲೆ ಅರ್ಧ ತೆನೆ. ಅನುಸೂಯಾಳ ಕಾಗದವನ್ನು ಅವಳ ಕುರ್ಚಿಯ ಮೇಲೆ ಒರಗಿಸಿ ಇಟ್ಟ. "ಎಂಟು ಬಿಟ್ಟು ನಾಲ್ಕು ತುಂಬ್ರಿ" ಎಂದು ತಾನೇ ಗಟ್ಟಿಯಾಗಿ ಓದಿ, ತಾನೇ ತುಂಬಿದ.

"ಮುಂದ?" ಎಂದ. ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದುಹೋಗಿ ಕಾಗದ ನೋಡಿ ಬಂದ.