ಮೀನಿನ ಪೇಟೆಯಲ್ಲಿ ಸುಮ್ಮನಿರುವುದು

ಕುಂದಾಪುರದ ಮೀನಿನ ಪೇಟೆಯಲ್ಲಿ ಬೆಲೆ ಹೇಳುವುದಕ್ಕಿಂತ ಬೆಲೆ ಹೇಳಿದ ಮೇಲೆ ಸುಮ್ಮನಿರುವುದು ದೊಡ್ಡ ವಿದ್ಯೆ. ಗಿರಾಕಿ ಕಡಿಮೆಗೆ ಕೇಳುತ್ತಾನೆ. ಅದು ತೀರ ಕಡಿಮೆಯಾದರೆ ಮಾರುವವಳು ಇಲ್ಲ ಅನ್ನುವುದಿಲ್ಲ. ಬಾಯಿಬಿಟ್ಟು ಇಲ್ಲ ಅಂದರೆ ಮಾತಿಗೆ ಮಾತು ಬೆಳೆಯುತ್ತದೆ. ಅವನ ಭುಜದಾಚೆ ಎಲ್ಲೋ ನೋಡುತ್ತ ಮೀನಿಗೆ ನೀರು ಚಿಮುಕಿಸುತ್ತಾಳೆ, ಅಷ್ಟೆ. ಆ ಬೆಲೆಗೆ ಆಗುವುದಿಲ್ಲ ಎಂದು ಅದರ ಅರ್ಥ. ಮರ್ಯಾದೆ ಇರುವವನು ಒಂದೋ ಬೆಲೆ ಏರಿಸುತ್ತಾನೆ, ಇಲ್ಲವೇ ಚೀಲ ಎತ್ತಿಕೊಂಡು ಮುಂದೆ ಹೋಗುತ್ತಾನೆ. ಅದೇ ಬೆಲೆಯನ್ನು ಎರಡನೇ ಸಲ ಕೇಳಿದರೆ ಇಡೀ ಸಾಲು ನಗುತ್ತದೆ. ನನ್ನ ಅಬ್ಬಿ, ಎಂದರೆ ತಾಯಿ, ಆ ಸಾಲಿನಲ್ಲಿ ಕೂತೇ ಮುದುಕಿಯಾದವಳು. ಸುಮ್ಮನಿರುವುದಕ್ಕೆ ಬೇರೊಂದು ಅರ್ಥ ಇರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಹಾಗಾಗಿ ಅವಳು ನನ್ನನ್ನು ತಪ್ಪು ತಿಳಿದುಕೊಂಡೇ ತೀರಿಹೋದಳು. ಈಗ ಅದನ್ನು ಯಾರ ಹತ್ತಿರ ಹೋಗಿ ಸರಿಮಾಡಿಸಲಿ?

ನಾನು ಹುಟ್ಟಿನಿಂದಲೇ ಒಂದು ನಮೂನೆ. ಮುಖ ನೋಡಿ ಮಾತಾಡುತ್ತಿರಲಿಲ್ಲ. ಬಳೆ ತೊಡಿಸಿದರೆ ಕೈ ಉರಿದವಳ ಹಾಗೆ ಕಿತ್ತೆಸೆಯುತ್ತಿದ್ದೆ. ತಟ್ಟೆಯಲ್ಲಿ ಸಾರು ಹರಿದು ಪಲ್ಯವನ್ನು ಮುಟ್ಟಿತೋ, ಅಂದಿನ ಊಟ ಬಂದ್. ನೆಂಟರು ಹೋಗುವಾಗ 'ಮನೆ ಕಡೆ ಬಾ' ಎಂದರೆ ಮರುದಿನ ಬೆಳಿಗ್ಗೆ ಅವರ ಜಗಲಿಯಲ್ಲಿ ಕೂತಿರುತ್ತಿದ್ದೆ. ಕರೆದದ್ದು ಬಾಯಿಮಾತಿಗೆ ಎಂದು ಹೇಳಿಕೊಡುವವರು ಯಾರು? ಆಟಿಸಂ ಎಂಬ ಮಾತು ಆಗ ನಮ್ಮ ಕೇರಿಯನ್ನು ಮುಟ್ಟಿರಲಿಲ್ಲ. 'ಅವ್ಳ್ ಹಾಂಗೇ' ಅನ್ನುತ್ತಿದ್ದರು. ಅದರಲ್ಲಿ ಪ್ರೀತಿ ಇರಲಿಲ್ಲ ಎಂದು ಹೇಳಲಾರೆ. ಆದರೆ ನಾನು ಏನೇ ಮಾಡಲಿ, ನನಗೆ ಏನೇ ಆಗಲಿ, ಎಲ್ಲವನ್ನೂ ಆ ಒಂದೇ ಮಾತಿನೊಳಗೆ ತುಂಬಿ ಚೀಲದ ಹಾಗೆ ಬಾಯಿ ಕಟ್ಟುತ್ತಿದ್ದರು.

ಅಪ್ಪಯ್ಯ ನಾನು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದರು. ಪಿಯುಸಿ ಮುಗಿಸಿದ ಮೇಲೆ ಕಾಲೇಜಿನ ಗದ್ದಲ ನನ್ನಿಂದಾಗದು ಎಂದು ಮನೆಯಲ್ಲಿ ಕೂತೆ. ಕೂತವಳನ್ನು ಅಬ್ಬಿ ಎಬ್ಬಿಸಿ ಪೇಟೆಗೆ ಕರೆದುಕೊಂಡು ಹೋದಳು. ಗಂಗೊಳ್ಳಿಯಿಂದ ಬಂದ ಮೀನನ್ನು ಗಾತ್ರ ನೋಡಿ ಬೇರೆ ಮಾಡುವುದು ನನ್ನ ಕೆಲಸ. ಅದು ನನಗೆ ಹೇಳಿ ಮಾಡಿಸಿದಂತಿತ್ತು. ಬಂಗುಡೆಗಳನ್ನು ಒಂದೇ ಅಳತೆಯಲ್ಲಿ, ಎಲ್ಲದರ ತಲೆಯೂ ಒಂದೇ ಕಡೆಗೆ ಬರುವಂತೆ ಜೋಡಿಸುತ್ತಿದ್ದೆ. ಯಾರಾದರೂ ಒಂದನ್ನು ಎತ್ತಿ ನೋಡಿ ಅಡ್ಡ ಇಟ್ಟರೆ ಸಿಟ್ಟು ನೆತ್ತಿಗೇರುತ್ತಿತ್ತು. ಮೀನು ಮಾರುವುದೆಂದರೆ ಜೋಡಿಸಿದ್ದನ್ನು ಕೆಡಿಸುವುದು ಎಂದು ಒಪ್ಪಿಕೊಳ್ಳಲು ನನಗೆ ತಿಂಗಳುಗಳೇ ಬೇಕಾದವು.

ಒಂದು ದಿನ ಅಬ್ಬಿ ಚಾ ಕುಡಿಯಲು ಎದ್ದುಹೋಗಿದ್ದಳು. ಹೋಟೆಲಿನವನೊಬ್ಬ ಬಂದು ಕಾಣೆ ಮೀನಿಗೆ ಬೆಲೆ ಕೇಳಿದ. ಹೇಳಿದೆ. ಅವನು ಅರ್ಧಕ್ಕೆ ಕೇಳಿದ. ಅಷ್ಟರಲ್ಲಿ ನನಗೆ 'ಅದು' ಬಂತು. ತಿಳಿವು ಮರಳುವ ಹೊತ್ತಿಗೆ ಅವನು ನಾನು ಹೇಳಿದ ಬೆಲೆಗೇ ಬಂದು, ಗೊಣಗುತ್ತ ಚೀಲ ಚಾಚಿದ್ದ. ಪಕ್ಕದವಳು ಬಾಯಿ ತುಂಬ ನಕ್ಕಳು. ನಾನು ಅವನ ತಲೆಯ ಮೇಲಿಂದ ಆಚೆ ನೋಡುತ್ತ, ಕಣ್ಣು ಮಿಟುಕಿಸದೆ, ಕಲ್ಲಿನ ಹಾಗೆ ಕೂತಿದ್ದೆನಂತೆ. ಆಮೇಲೆ ಹಾಗೆ ಎಷ್ಟೋ ಸಲ ಆಯಿತು. ಇವಳ ಹತ್ತಿರ ಚೌಕಾಸಿ ನಡೆಯುವುದಿಲ್ಲ ಎಂದು ಸುದ್ದಿ ಹಬ್ಬಿತು. ಅಬ್ಬಿಗೆ ಹೆಮ್ಮೆಯೋ ಹೆಮ್ಮೆ. ನನ್ನ ಬಗ್ಗೆ ಅವಳು ಊರಿನವರ ಮುಂದೆ ತಲೆಯೆತ್ತಿ ಹೇಳಿಕೊಂಡದ್ದು ಅದೊಂದೇ ವಿಷಯ, ಅದೂ ನನ್ನ ಕಾಯಿಲೆ.

'ಅದು' ಎಂದೆನಲ್ಲ, ನನಗೆ ಬೇರೆ ಹೆಸರು ಗೊತ್ತಿರಲಿಲ್ಲ. ಮೊದಲು ಮೂಗಿಗೆ ಗೇರುಬೀಜ ಸುಟ್ಟ ವಾಸನೆ ಬರುತ್ತಿತ್ತು, ಸಿಪ್ಪೆಯ ಎಣ್ಣೆಯ ಆ ಕಟು ವಾಸನೆ. ಆಮೇಲೆ ಈಗ ನಡೆಯುತ್ತಿರುವುದೆಲ್ಲ ಹಿಂದೊಮ್ಮೆ ಹೀಗೇ ನಡೆದಿತ್ತು ಅನಿಸುತ್ತಿತ್ತು. ಜನರ ದನಿ ಕೇಳುತ್ತಿತ್ತು, ಮಾತು ಮಾತ್ರ ಯಾವ ಭಾಷೆಯದೋ. ನನ್ನ ಕೈ ನನ್ನದಲ್ಲ, ದೂರದಲ್ಲಿ ಯಾರೋ ಇಟ್ಟುಹೋದದ್ದು. ಎದುರಿಗಿರುವ ಅಬ್ಬಿಯ ಮುಖವೂ ಗುರುತಿಲ್ಲದ ಹೆಂಗಸಿನ ಮುಖ. ಆಮೇಲೆ ಏನೂ ಇಲ್ಲ. ಬಸ್ಸಿನಲ್ಲಿ ತೂಕಡಿಸಿದವಳು ಹೆಮ್ಮಾಡಿ ದಾಟಿದ ಮೇಲೆ ಎಚ್ಚರಗೊಂಡ ಹಾಗೆ, ತಿಳಿವು ಬರುವಾಗ ಲೋಕ ಸ್ವಲ್ಪ ಮುಂದಕ್ಕೆ ಹೋಗಿರುತ್ತಿತ್ತು. ಎಲ್ಲರಿಗೂ ಹೀಗೆ ಆಗುತ್ತದೆ, ಮುಟ್ಟಿನ ಹಾಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ ಅಂದುಕೊಂಡಿದ್ದೆ. ವಾಸನೆಯ ಮಾತು ಒಂದೆರಡು ಸಲ ಹೇಳಿದ್ದುಂಟು. ನಮ್ಮ ಮನೆ ಗೇರುಬೀಜದ ಕಾರ್ಖಾನೆಯ ಹಿಂದಿನ ಓಣಿಯಲ್ಲಿ. ಅಲ್ಲಿ ಸುಟ್ಟ ವಾಸನೆ ಬರದಿದ್ದರೆ ಆಶ್ಚರ್ಯ. ಅಬ್ಬಿ ನಕ್ಕುಬಿಟ್ಟಳು, ನಾನೂ ಆ ಮಾತು ಬಿಟ್ಟೆ.

ಪೇಟೆಯಲ್ಲಿ ಹೊಗಳಿಸಿಕೊಂಡ ಆ ಮೌನ ಮನೆಯಲ್ಲಿ ನಮ್ಮಿಬ್ಬರ ನಡುವೆ ಬಂದು ಕೂತಿತು. ಒಂದು ಚೌತಿಯ ಹಿಂದಿನ ದಿನ ಅಬ್ಬಿ ಕುಂಭಾಶಿಯ ದೇವಸ್ಥಾನಕ್ಕೆ ಹೊರಟಿದ್ದಳು. ನಾನೂ ಹೋಗುವುದೆಂದು ಎರಡು ದಿನದಿಂದ ಮನಸ್ಸಿನಲ್ಲೇ ದಾರಿಯ ಊರುಗಳನ್ನು ಹೇಳಿಕೊಳ್ಳುತ್ತಿದ್ದೆ. ತಲೆ ಬಾಚುತ್ತಿದ್ದವಳು ತಿಳಿವು ಬಂದು ನೋಡಿದರೆ ಅಬ್ಬಿ ಇಲ್ಲ, ಬಾಗಿಲಿಗೆ ಹೊರಗಿನಿಂದ ಚಿಲಕ. ನನ್ನನ್ನು ಕರೆದುಕೊಂಡು ಹೋಗಲು ನಾಚಿಕೆಯಾಗಿರಬೇಕು ಎಂದು ನಾನು ಅತ್ತೆ. ಈಗ ಅಂದಾಜಿಸುವುದೆಂದರೆ, ಹೊರಡುವಾಗ ಅವಳು 'ಬತ್ಯಾ' ಎಂದು ಕೇಳಿರಬೇಕು. ನಾನು ಅವಳ ಭುಜದಾಚೆ ನೋಡುತ್ತ ನಿಂತಿರಬೇಕು. ಅವಳು ಎರಡನೇ ಸಲ ಕೇಳಲಿಲ್ಲ. ಸಂಜೆ ಪ್ರಸಾದ ಕೊಟ್ಟಳು, ಇಬ್ಬರೂ ಮುಖ ಊದಿಸಿಕೊಂಡು ಉಂಡೆವು. ಇಂಥವು ಎಷ್ಟು ನಡೆದವೋ ನನಗೆ ತಿಳಿಯುವ ದಾರಿಯೇ ಇಲ್ಲ.

ವಯಸ್ಸಾದಂತೆ ಅಬ್ಬಿಯ ಎದೆ ಸೋತಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಕಾಲಿನ ತುಂಬ ನೀರು. ಪೇಟೆಗೆ ನಾನೊಬ್ಬಳೇ ಹೋಗತೊಡಗಿದೆ. ಕಿರಿಮಂಜೇಶ್ವರದಲ್ಲಿರುವ ಅವಳ ತಂಗಿ, ನನ್ನ ಚಿಕ್ಕಮ್ಮ, ಹಗಲು ನೋಡಿಕೊಳ್ಳಲು ಜನ ಇರುತ್ತಾರೆ, ಅಕ್ಕ ತನ್ನಲ್ಲಿಗೆ ಬರಲಿ ಎಂದು ಹೇಳಿಕಳಿಸುತ್ತಿದ್ದಳು. ನನಗೆ ಅದು ಸುತರಾಂ ಇಷ್ಟವಿರಲಿಲ್ಲ. ಅಬ್ಬಿ ಇಲ್ಲದ ಮನೆಯನ್ನು ನೆನೆಸಿಕೊಳ್ಳಲೂ ನನ್ನಿಂದಾಗುತ್ತಿರಲಿಲ್ಲ. ಆದರೆ ಅದು ಅವಳಿಗೆ ಗೊತ್ತಿದೆ ಎಂದೇ ತಿಳಿದಿದ್ದೆ. ನನಗೆ ಗೊತ್ತಿದ್ದದ್ದೆಲ್ಲ ಅವಳಿಗೂ ಗೊತ್ತಿರುತ್ತದೆ ಎಂಬ ನಂಬಿಕೆ ನನ್ನಲ್ಲಿ ಚಿಕ್ಕಂದಿನಿಂದ ಹೋಗಿರಲಿಲ್ಲ.

ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದೆ, ಅಬ್ಬಿ ಗೋಡೆಗೆ ಒರಗಿ ಕೂತಿದ್ದಳು. ವಾಸನೆ ಬಂತು. ಅವಳ ತುಟಿ ಅಲುಗುವುದು ಕಂಡಿತು. ತಿಳಿವು ಬಂದಾಗ ಮಡಿಲ ತುಂಬ ಅಕ್ಕಿ ಚೆಲ್ಲಿತ್ತು. ಅಬ್ಬಿ ಎದ್ದು, ಏದುಸಿರು ಬಿಡುತ್ತ, ಗೂಟದ ಮೇಲಿದ್ದ ತನ್ನ ಸೀರೆಗಳನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದಳು.

"ಎಂತ ಅಬ್ಬಿ?" ಎಂದು ಕೇಳಿದೆ.

"ಎಂತ ಇಲ್ಲೆ. ನಾಳೆ ತಂಗಿ ಮನಿಗೆ ಹೋತೆ" ಅಂದಳು.

ಹೋಗಬೇಡ ಎನ್ನಲು ನನಗೆ ಬರಲಿಲ್ಲ. ಹೊರಡಲು ಅವಳೇ ಮನಸ್ಸು ಮಾಡಿದ್ದಾಳೆ, ನನ್ನನ್ನು ನೋಡಿಕೊಂಡು ಸಾಕಾಗಿರಬೇಕು, ತಂಗಿಯ ಜೊತೆ ಕೂತು ಕಷ್ಟಸುಖ ಮಾತಾಡುವ ಆಸೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳು ಹೆಕ್ಕಿ ಮೊರಕ್ಕೆ ಹಾಕಿದೆ. ಮರುದಿನ ಬಸ್ಸು ಹತ್ತಿಸಿ, ಕಿರಿಮಂಜೇಶ್ವರದವರೆಗೂ ಹೋಗಿ ಬಿಟ್ಟುಬಂದೆ. ದಾರಿಯಲ್ಲಿ ಮರವಂತೆಯ ಕಡಲು ಬಂದಾಗ ಅವಳು ಕಿಟಕಿಯ ಕಡೆ ತಿರುಗಿದವಳು ಮತ್ತೆ ಈಚೆ ತಿರುಗಲಿಲ್ಲ. ಆಮೇಲೆ ಭಾನುವಾರಗಳಲ್ಲಿ ಮೀನು ತೆಗೆದುಕೊಂಡು ಹೋಗುತ್ತಿದ್ದೆ. ಅಬ್ಬಿ ನನ್ನ ಜೊತೆ ನೆಂಟರ ಹಾಗೆ ಮಾತಾಡುತ್ತಿದ್ದಳು, ಊಟ ಆಯ್ತಾ, ಬಸ್ಸಿನಲ್ಲಿ ಜಾಗ ಸಿಕ್ಕಿತಾ ಎಂದು. ಮಳೆಗಾಲ ಶುರುವಾಗುವ ಮೊದಲೇ, ನಾನು ಪೇಟೆಯಲ್ಲಿ ಕೂತಿದ್ದ ಒಂದು ಬೆಳಿಗ್ಗೆ, ಅಲ್ಲೇ ತೀರಿಕೊಂಡಳು.

ಅದಾಗಿ ಸುಮಾರು ಕಾಲದ ಮೇಲೆ ನಾನು ಪೇಟೆಯಲ್ಲಿ ಬಿದ್ದೆ. ಈ ಸಲ ಸಣ್ಣದಲ್ಲ, ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತಂತೆ. ಕೈಗೆ ಕಬ್ಬಿಣ ಕೊಡಿ ಎಂದು ಯಾರೋ ಕೂಗಿದರು. ಮೀನಿನ ಪೇಟೆಯಲ್ಲಿ ಕೈಗೆಟುಕುವ ಕಬ್ಬಿಣ ಯಾವುದು, ಮೀನು ಕೊಯ್ಯುವ ಕತ್ತಿ. ಅದನ್ನೇ ಪಕ್ಕದವಳು ತಂದು ಮುಷ್ಟಿಯೊಳಗೆ ತುರುಕಿದ್ದಳು. ಫಿಟ್ಸಿನಿಂದ ನನಗೇನೂ ಆಗಲಿಲ್ಲ, ಹೊಲಿಗೆ ಬಿದ್ದದ್ದು ಅಂಗೈಗೆ. ಕೊಟ್ಟವಳ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಜನರಲ್ಲಿ ನನ್ನ ಹತ್ತಿರ ಬರಲು ಹೆದರದವಳು ಅವಳೊಬ್ಬಳೇ.

ಬ್ರಹ್ಮಾವರದಲ್ಲಿ ವಾರಕ್ಕೊಮ್ಮೆ ಬಂದು ಕೂರುವ ನರರೋಗದ ಡಾಕ್ಟರಮ್ಮ ಒಬ್ಬರಿದ್ದರು. ಅವರು ಬಿದ್ದದ್ದರ ಬಗ್ಗೆ ಕೇಳಿದ್ದು ಕಡಿಮೆ. ಬೀಳದೆ ಇರುವಾಗ ಏನಾಗುತ್ತದೆ ಎಂದು ಕೇಳಿದರು. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವಾಸನೆ ಬರುತ್ತದೆ, ಆದರೆ ಅದು ಕಾರ್ಖಾನೆಯದು ಎಂದೂ ಹೇಳಿದೆ. ಕಾರ್ಖಾನೆಗೆ ರಜೆ ಇದ್ದ ದಿನ ಬಂದದ್ದಿಲ್ಲವೇ ಎಂದರು. ಬಂದಿತ್ತು. ಕಿರಿಮಂಜೇಶ್ವರದ ಕಡಲ ಬದಿಯಲ್ಲಿ ಕೂತಾಗಲೂ ಬಂದಿತ್ತು. ಇಷ್ಟು ವರ್ಷ ಅದು ನನಗೇಕೆ ಹೊಳೆಯಲಿಲ್ಲ ಎಂದರೆ ಏನು ಹೇಳಲಿ, ಸುಟ್ಟ ವಾಸನೆ ಬಂದರೆ ಕಾರ್ಖಾನೆಯ ಕಡೆ ಕೈ ತೋರಿಸುವುದು ನಮ್ಮ ಓಣಿಯವರ ಮೈಗೆ ಹತ್ತಿದ ಅಭ್ಯಾಸ.

ಅವು ಸಣ್ಣ ಫಿಟ್ಸ್ ಎಂದರು. ಮಿದುಳಿನ ಒಂದು ಮೂಲೆಯಲ್ಲಿ ಎದ್ದು ಅಲ್ಲೇ ಅಡಗುವಂಥವು. ಆಗ ಎದುರಿಗಿರುವವರ ಮಾತು ತಲೆಗೆ ಹೋಗುವುದಿಲ್ಲ, ಆಮೇಲೆ ನೆನಪೂ ಇರುವುದಿಲ್ಲ. ನನ್ನ ಉಳಿದ ನಮೂನೆಗಳನ್ನೆಲ್ಲ ಕೇಳಿ, ಇನ್ನೊಬ್ಬರ ಹತ್ತಿರ ಕಳಿಸಿ, ಆಟಿಸಂ ಎಂಬ ಹೆಸರನ್ನೂ ಕೊಟ್ಟರು. ಆಟಿಸಂ ಇರುವವರಲ್ಲಿ ಫಿಟ್ಸ್ ಅಪರೂಪವಲ್ಲವಂತೆ. ಆದರೆ ಸಣ್ಣವು ಯಾರ ಕಣ್ಣಿಗೂ ಬೀಳುವುದಿಲ್ಲ, ಅವರ ಸ್ವಭಾವವೇ ಹಾಗೆ ಎಂದು ಮನೆಯವರು ಬಿಟ್ಟುಬಿಡುತ್ತಾರೆ ಎಂದರು. ಮಾತ್ರೆ ಶುರುವಾಯಿತು, ಅವು ಬಹುಮಟ್ಟಿಗೆ ನಿಂತವು. ಪೇಟೆಯಲ್ಲಿ ನನ್ನ ಖದರು ಹೋಯಿತು. ಈಗ ಕಡಿಮೆಗೆ ಕೇಳಿದರೆ 'ಇಲ್ಲ' ಎಂದು ಬಾಯಿಬಿಟ್ಟು ಹೇಳಿಬಿಡುತ್ತೇನೆ.

ಡಾಕ್ಟರರ ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಎದುರಿಗಿರುವವರ ಮಾತು ತಲೆಗೆ ಹೋಗುವುದಿಲ್ಲ. ಹಾಗಾದರೆ ಅಕ್ಕಿ ಆರಿಸುವಾಗ ಅಬ್ಬಿಯ ತುಟಿ ಅಲುಗಿತ್ತಲ್ಲ, ಅವಳು ಏನು ಹೇಳುತ್ತಿದ್ದಳು? ತಿಳಿಯದೆ ಇರಲು ಆಗಲಿಲ್ಲ. ಗೊತ್ತಿದ್ದರೆ ಚಿಕ್ಕಮ್ಮನಿಗೆ ಗೊತ್ತಿರಬೇಕು. ಪೇಟೆಗೆ ಹೋಗದೆ ಬೈಂದೂರಿನ ಬಸ್ಸು ಹತ್ತಿ ಕಿರಿಮಂಜೇಶ್ವರದಲ್ಲಿ ಇಳಿದೆ.

ಚಿಕ್ಕಮ್ಮ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. ನನ್ನನ್ನು ನೋಡಿ ಕೂರು ಎಂದಳೇ ಹೊರತು ಹಿಂದಿನ ಹಾಗೆ ಹತ್ತಿರ ಬರಲಿಲ್ಲ. ಅಬ್ಬಿ ಸತ್ತ ಮೇಲೆ ಅವಳು ಹಾಗೇ ಆಗಿದ್ದಳು, ಅದು ದುಃಖಕ್ಕೆ ಎಂದುಕೊಂಡಿದ್ದೆ. ಅಬ್ಬಿ ಅವತ್ತು ನನ್ನ ಹತ್ತಿರ ಏನು ಹೇಳಿದ್ದಳು ಎಂದು ಕೇಳಿಯೇಬಿಟ್ಟೆ. ಅವಳು ಮೀನು ತಿರುವುತ್ತಲೇ ಹೇಳಿದಳು.

"ನಿಂಗೆ ಗೊತ್ತಿಲ್ಯಾ? ನಾನ್ ಇಲ್ಲೇ ಇಪ್ದಾ, ತಂಗಿ ಮನಿಗೆ ಹೋಪ್ದಾ ಅಂತ ನಿನ್ನತ್ರ ಕೇಂಡಳಂಬ್ರ್. ನೀನ್ ಮಾತೇ ಆಡ್ಲಿಲ್ಯಂಬ್ರ್. ಮಗಳಿಗೆ ಬ್ಯಾಡ ಅಂದ್ರೆ ಎರಡ್ ಸಲ ಎಂತಕ್ಕೆ ಕೇಂಬುದ್ ಅಂದಳ್."

ಇಲ್ಲೇ ಇರಲೇ, ತಂಗಿಯ ಮನೆಗೆ ಹೋಗಲೇ ಎಂದು ಅಬ್ಬಿ ಕೇಳಿದ ಆ ಹೊತ್ತು ನನಗೆ ಫಿಟ್ಸ್ ಬಂದಿತ್ತು ಎಂದು ಹೇಳಿದೆ. ಡಾಕ್ಟರು ಹೇಳಿದ್ದನ್ನೆಲ್ಲ, ವಾಸನೆ, ದೂರದ ಕೈ, ಗುರುತಾಗದ ಮುಖ, ಚಿಲಕ ಹಾಕಿದ ಬಾಗಿಲು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ದನಿ ಏರಿ, ಜಗಳ ಮಾಡುವವಳ ಹಾಗಾಯಿತು. ಜಗಳಕ್ಕೆ ಎದುರಾಳಿ ಇರಲಿಲ್ಲ. ಅಬ್ಬಿ ಕೊನೆಯ ದಿನಗಳಲ್ಲಿ ಈ ಮನೆಯ ಒಳಕೋಣೆಯಲ್ಲಿ, ಮಗಳಿಗೆ ಬೇಡವಾದವಳೆಂದು ತಿಳಿದುಕೊಂಡು ಮಲಗಿದ್ದಳು. ನಾನು ತಂದ ಮೀನನ್ನು ಉಂಡು, ನನಗೆ ಬಸ್ಸು ತಪ್ಪಬಾರದೆಂದು ಬೇಗ ಹೊರಡಿಸುತ್ತಿದ್ದಳು.

ಚಿಕ್ಕಮ್ಮ ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ಯಾರಾದರೂ ಮೈಮುಟ್ಟಿದರೆ ನನಗೆ ಆಗುವುದಿಲ್ಲ ಎಂದು ಗೊತ್ತಿದ್ದು, ಮುಟ್ಟದೆ, ತೀರ ಹತ್ತಿರ ಕೂತಳು.

"ಅವತ್ತ್ ಅವಳ ಮಾತ್ ನಿಂಗೆ ಕೇಂಡಿದ್ರೆ ಎಂತ ಹೇಳ್ತಿದ್ದೆ, ಮಗಾ?" ಎಂದಳು.

"ಇಲ್ಲೇ ಇರ್, ಅಬ್ಬಿ" ಅಂದೆ.

ತಡವರಿಸದೆ, ಚಿಕ್ಕಮ್ಮನ ಮುಖ ನೋಡಿಯೇ ಹೇಳಿದೆ. ಹೇಳಲು ಇದ್ದದ್ದು ಅಷ್ಟೇ ಆಗಿತ್ತು.