ಪರೀಕ್ಷೆಯ ದಿನದ ಸಜ್ಜಿಗೆ

ಖಾಸಗಿ ಶಾಲೆಯ ಫೀಸು ಕಟ್ಟಲಾಗದೆ ಮಗಳನ್ನು ನಾಲ್ಕನೇ ತರಗತಿಗೆ ನಮ್ಮ ಕಡೆಯ ಸರ್ಕಾರಿ ಶಾಲೆಗೆ ಸೇರಿಸಿದೆವು. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಪಾಲಿಗೆ ಒಂದು ಮನೆ, ಹಿಂದೆ ಸಾಲಾಗಿ ಶೀಟಿನ ಬಾಡಿಗೆ ಮನೆಗಳು ಇವೆ. ಪಕ್ಕದಲ್ಲೇ ಇರುವ ಓರಗಿತ್ತಿ, “ಬಾಡಿಗೆ ಈಸ್ಕೊಳ್ಳೋರ ಮಗಳು ಬಾಡಿಗೆ ಕೊಡೋರ ಮಕ್ಕಳ ಪಕ್ಕ ಕೂತ್ಕೊತಾಳೆ. ಚೆನ್ನಾಗಿದೆ ಕಣೇ!” ಎಂದಳು.

“ಎಲ್ರಿಗೂ ಒಂದೇ ಸಾಂಬಾರು ಬಿಡು” ಎಂದೆ. ಬಿಸಿಯೂಟ ಸಿಗುವುದೂ ದೇವರ ದಯೆಯೇ.

ಆ ತರಗತಿಯಲ್ಲಿ ಹಳೇ ಊರಿನವರ ಮಕ್ಕಳು ಒಂದು ಬೆಂಚಿಗೂ ಸಾಲುತ್ತಿರಲಿಲ್ಲ. ಉಳಿದವರು ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಮನೆಯಲ್ಲಿ ತಮಿಳು, ಉರ್ದು ಆಡುವವರು, ನೇಪಾಳದ ವಾಚ್‌ಮನ್ ಒಬ್ಬರ ಮಗಳು. ಪೋಷಕರ ಸಮಿತಿಗೆ ನನ್ನನ್ನೂ ಸೇರಿಸಿದರು. ಹಗಲು ಹೊತ್ತು ಮನೆಯಲ್ಲಿರುತ್ತೇನೆಂಬುದೇ ನನ್ನ ಅರ್ಹತೆ. ಹೋಗಿ ಬಂದು ನೋಡಿದ್ದರಲ್ಲಿ ನನಗೆ ಒಂದು ಸಂಗತಿ ತಿಳಿಯಿತು. ಒಂದನೇ ತರಗತಿಯಿಂದ ಅಲ್ಲೇ ಕೂತ ಮಕ್ಕಳು, ಮನೆಮಾತು ಯಾವುದಾದರೂ ಆಗಲಿ, ಓದುತ್ತಿದ್ದರು. ವಾಚ್‌ಮನ್ ಮಗಳು ನನ್ನ ಮಗಳಿಗಿಂತ ಸರಾಗವಾಗಿ ಕನ್ನಡ ಓದುತ್ತಿದ್ದಳು. ವರ್ಷದ ನಡುವೆ ಬಂದು ನಡುವೆ ಹೋಗುವವರೇ ಹಿಂದೆ ಬೀಳುತ್ತಿದ್ದರು.

ಮಗಳು ಐದನೇ ತರಗತಿಯಲ್ಲಿದ್ದಾಗ ನಮ್ಮ ಕೊನೇ ಶೀಟಿನ ಮನೆಗೆ ಬಾಡಿಗೆಗೆ ಬಂದ ಯಾದಗಿರಿಯವರ ಹುಡುಗಿ ಅಂಥವಳು. ಅಪ್ಪನದು ಟೈಲ್ಸ್ ಕೆಲಸ, ಅವ್ವನದು ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್. ಕಟ್ಟಡ ಮುಗಿದಾಗೆಲ್ಲ ಮನೆ ಬದಲು, ಅದರ ಜೊತೆ ಶಾಲೆಯೂ ಬದಲು. ಮಗಳ ತರಗತಿಗೇ ಸೇರಿದಳು. ಆದರೆ ಓದುವಾಗ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದಳು. ಆಗಷ್ಟೇ ನಡೆಯಲು ಕಲಿತ ತಂಗಿ ಬೇರೆ. ಅವ್ವನಿಗೆ ಬೆಳಗಿನ ಶಿಫ್ಟ್ ಬಿದ್ದ ದಿನ ಅಕ್ಕ ಶಾಲೆ ಬಿಟ್ಟು ತಂಗಿಯನ್ನು ನೋಡಿಕೊಳ್ಳಬೇಕು.

“ಇಕಿ ಶಾಲಿಗಿ ಹೋಗಿ ಏನ್ ಮಾಡ್ತಾಳ್ರಿ ಅಕ್ಕಾರ? ಸಣ್ಣಾಕಿನ ಹಿಡಕೊಂಡು ಮನ್ಯಾಗ ಇದ್ರ ನನಗರ ನೆಮ್ಮದಿ” ಎಂದು ಆ ತಾಯಿ ಆಗಲೇ ಅನ್ನತೊಡಗಿದ್ದಳು. ಇನ್ನೊಂದು ನೆಪ ಸಿಕ್ಕರೆ ಹುಡುಗಿ ಖಾಯಂ ಆಗಿ ಮನೆಯಲ್ಲೇ ಉಳಿಯುತ್ತಾಳೆಂದು ನನಗೆ ಗೊತ್ತಿತ್ತು.

ವರ್ಷದ ಕೊನೆಯ ಪರೀಕ್ಷೆ ಶುರುವಾಗುವ ಮುನ್ನಾ ದಿನ ಹೆಡ್‌ಮಿಸ್ ನಮ್ಮ ಗೇಟಿನ ಹತ್ತಿರ ನಿಂತರು. ಒಳ್ಳೆಯವರೇ, ತಮ್ಮ ದುಡ್ಡಲ್ಲಿ ಮಕ್ಕಳಿಗೆ ಪೆನ್ಸಿಲ್ ತರುವವರು.

“ನಾಳೆ ನಿಮ್ಮನೇಲಿ ಪೂಜೆ ಅಂತೆ?”

“ಹೌದು ಮಿಸ್, ಸತ್ಯನಾರಾಯಣ ಪೂಜೆ. ಹರಕೆ ಇತ್ತು.”

“ಆ ಹುಡುಗೀನ ಪೂಜೆಗೆ ಅಂತ ಉಳಿಸ್ಕೊಂಡ್ಬಿಡಿ. ನಾಳೆ ಕನ್ನಡ ಪೇಪರ್ರು. ಅವಳ ಸೊನ್ನೆ ಸೇರಿದ್ರೆ ನಮ್ಮ ಸರಾಸರಿ ಇಳಿದುಹೋಗತ್ತೆ. ಮೀಟಿಂಗಲ್ಲಿ ಎಲ್ರ ಮುಂದೆ ನನ್ನ ನಿಲ್ಲಿಸಿ ಕೇಳ್ತಾರೆ. ಮಗು ಎಲ್ಲಿಂದ ಬಂತು, ಯಾವಾಗ ಬಂತು, ಅದನ್ನ ಯಾರೂ ಕೇಳಲ್ಲ.”

ಅವರ ಕಷ್ಟ ಸುಳ್ಳಲ್ಲ. ಆದರೆ ಪೂಜೆಯ ಹೆಸರು ಹೇಳಿದ್ದು ನನಗೆ ಹಿಡಿಸಲಿಲ್ಲ.

“ಸತ್ಯನಾರಾಯಣನ ಹೆಸರಲ್ಲೇ ಸುಳ್ಳು ಹೇಳೋದಾ ಮಿಸ್? ಅವಳು ಬರ್ತಾಳೆ” ಎಂದೆ. ಅವರು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟರು.

ಬೆಳಿಗ್ಗೆ ನೋಡಿದರೆ ಹುಡುಗಿ ಯೂನಿಫಾರ್ಮ್ ಇಲ್ಲದೆ, ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಅವ್ವ ಡ್ಯೂಟಿಗಿ ಹೋಗ್ಯಾಳ್ರಿ ಆಂಟಿ. ಇಕಿನ ಯಾರು ನೋಡ್ಕೊಂತಾರ?”

“ಇಲ್ಲಿ ಕೊಡು, ನಾನು ನೋಡ್ಕೊತೀನಿ. ನೀನು ಬಟ್ಟೆ ಹಾಕ್ಕೊಂಡು ಹೊರಡು.”

“ನಂಗ ಬರಿಯಾಕ ಬರಂಗಿಲ್ರಿ.”

“ಬಂದಷ್ಟು ಬರಿ. ಬರದೇ ಇರೋದನ್ನ ಆಮೇಲೆ ಕಲಿಯೋಣ.”

ಮಗಳ ಜೊತೆ ಅವಳನ್ನು ಕಳಿಸಿ, ನೈವೇದ್ಯದ ಸಜ್ಜಿಗೆ ಮಾಡಿ ದೇವರ ಮುಂದಿಟ್ಟು ಬಾಳೆಕಂಬ ಕಟ್ಟಲು ಹೋದೆ. ತಿರುಗಿ ಬರುವಷ್ಟರಲ್ಲಿ ಮಗು ಪಾತ್ರೆಗೆ ಎರಡೂ ಕೈ ಹಾಕಿ ಬಾಯಿತುಂಬ ತಿನ್ನುತ್ತಿತ್ತು. ಹೂವು ಕಟ್ಟಲು ಬಂದಿದ್ದ ಓರಗಿತ್ತಿ ಕಿರುಚಿದಳು: “ಎಂಜಲಾಯ್ತಲ್ಲೇ! ದೇವರ ಮನೆ ತನಕ ಬಿಟ್ಕೊಂಡಿದ್ದೀಯಲ್ಲ!”

“ರವೆ ಇದೆ, ತುಪ್ಪ ಇದೆ. ಇನ್ನೊಂದ್ಸಲ ಮಾಡ್ತೀನಿ. ನೀನು ಹೂವು ಕಟ್ಟು.”

ಪುರೋಹಿತರು ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಅವರು ಬರುವ ಹೊತ್ತಿಗೆ ಎರಡನೇ ಸಜ್ಜಿಗೆ ಇಳಿಸಿಯಾಗಿತ್ತು. ಹೊಟ್ಟೆ ತುಂಬಿದ ಮಗು ಕಥೆ ಮುಗಿಯುವವರೆಗೂ ನನ್ನ ಸೆರಗಿನ ಮೇಲೆ ನಿದ್ದೆ ಮಾಡಿತು.

ಮಧ್ಯಾಹ್ನ ಇಬ್ಬರೂ ಬಂದರು.

“ಬಿಟ್ಟ ಸ್ಥಳ ತುಂಬೀನ್ರಿ ಆಂಟಿ. ದೊಡ್ಡ ಉತ್ತರ ಬಿಟ್ಟೀನಿ.”

“ಅಮ್ಮ, ಇವಳು ಬೆಲ್ ಹೊಡೆಯೋ ತನಕ ಕೂತಿದ್ಲು. ನಾನೇ ಬೇಗ ಕೊಟ್ಟು ಎದ್ಬಿಟ್ಟೆ” ಎಂದಳು ಮಗಳು.

ಸೊನ್ನೆ ಬರಲಿಲ್ಲ. ಹೇಳಿಕೊಳ್ಳುವಂಥ ಅಂಕವೂ ಬರಲಿಲ್ಲ. ಶಾಲೆಯ ಸರಾಸರಿ ಇಳಿಯಿತು.

“ನಿಲ್ಲಿಸಿ ಕೇಳಿದ್ರು ನೋಡಿ, ನಿಮ್ಮಿಂದ” ಎಂದರು ಹೆಡ್‌ಮಿಸ್. “ಮಗು ಬಂದಿದ್ದೇ ದಸರಾ ರಜೆ ಆದ್ಮೇಲೆ ಅಂತ ಇದ್ದಿದ್ದು ಇದ್ದಂಗೆ ಹೇಳಿದೆ. ಮುಂದಿನ ವರ್ಷ ನೋಡ್ತೀವಿ ಅಂದ್ರು. ಪ್ರಸಾದನಾದ್ರೂ ಕೊಡಬಾರದಿತ್ತಾ?”

ಶಾಲೆ ಮತ್ತೆ ಶುರುವಾದಾಗ ಅವರೇ ಅವಳನ್ನು ಊಟದ ನಂತರ ಪಕ್ಕ ಕೂರಿಸಿಕೊಂಡು ಒತ್ತಕ್ಷರ ಓದಿಸತೊಡಗಿದರು.

ಅಷ್ಟರಲ್ಲಿ ಅವಳ ಅಪ್ಪ ಕೆಲಸ ಮಾಡುತ್ತಿದ್ದ ಕಟ್ಟಡವೂ ಮುಗಿಯಿತು. ಅವಳ ಮನೆಯವರು ವಸಂತಪುರಕ್ಕೆ ಮನೆ ಬದಲಿಸುತ್ತೇವೆಂದಾಗ, ಟೀಸಿ ಕೇಳುತ್ತಾರೆಂದುಕೊಂಡು ಮನಸ್ಸಿಗೆ ಹೇಗೋ ಆಯಿತು. ಆ ತಾಯಿ, “ಟೀಸಿ ಬ್ಯಾಡ್ರಿ ಅಕ್ಕಾರ. ಬಸ್ಸಿನಾಗ ಹೆಣ್ಮಕ್ಕಳಿಗಿ ರೊಕ್ಕ ಇಲ್ಲ, ಇಲ್ಲಿಗೇ ಬರ್ತಾಳ. ಹೆಡ್‌ಮಿಸ್ಸು ಇಕಿನ ಹೆಸರು ಹಿಡದು ಕರೀತಾರಂತ” ಎಂದಳು. ಚಿಕ್ಕವಳನ್ನು ಅಲ್ಲಿಯ ಅಂಗನವಾಡಿಗೆ ಸೇರಿಸಿದ್ದಾಳೆ.

ಕೊನೇ ಶೀಟಿನ ಮನೆ ಇನ್ನೂ ಖಾಲಿ ಇದೆ. “ಲಗೂ ಬಾ, ಗಂಟಿ ಹೊಡೀತಾರ!” ಎಂದು ಬೆಳಿಗ್ಗೆ ಗೇಟಿನಿಂದ ನನ್ನ ಮಗಳನ್ನು ಕೂಗುವವಳು ಈಗ ಬಸ್ಸಿಳಿದು ಬರುವ ಆ ಹುಡುಗಿಯೇ. ನನ್ನ ದಿನದ ಪೂಜೆ ಮುಗಿದರೂ ಆ ಕೂಗು ಕೇಳದಿದ್ದರೆ, ಬಸ್ಸು ತಪ್ಪಿತೇನೋ ಎಂದು ರಸ್ತೆಯವರೆಗೆ ಹೋಗಿ ನೋಡಿಬರುತ್ತೇನೆ.