ನೀಲಗಂಗಾ ಮಾಡಿದ ಸೈಡರ್

ನಮ್ಮವರಿಗೆ ಆಪಲ್ ಸೈಡರ್ ಅಂದರೆ ಒಂದೇ ಅರ್ಥ. ಸಕ್ಕರೆ ಕಾಯಿಲೆಯವರು, ಹೊಟ್ಟೆ ಕರಗಿಸಲು ಹೊರಟವರು ಬೆಳಿಗ್ಗೆ ಎದ್ದು ಬಿಸಿನೀರಿಗೆ ಎರಡು ಚಮಚ ಹಾಕಿಕೊಂಡು, ಮೂಗು ಹಿಡಿದು ಕುಡಿಯುವ ಹುಳಿ. ಅದರ ಪೂರ್ತಿ ಹೆಸರಿನ ಕೊನೆಯಲ್ಲಿ ವಿನೆಗರ್ ಎಂದೊಂದು ಮಾತಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲಿ ನ್ಯೂಜಿಲೆಂಡಿನ ಜನಕ್ಕೆ ಸೈಡರ್ ಎಂದರೆ ಸೇಬಿನ ರಸ ಹುದುಗಿ ಆಗುವ ಮದ್ಯ. ಬಿಯರಿನ ಪಕ್ಕದ ಕಪಾಟಿನಲ್ಲೇ ಅದನ್ನು ಜೋಡಿಸಿರುತ್ತಾರೆ. ನೀಲಗಂಗಾ ಸಿಕ್ಕಿಹಾಕಿಕೊಂಡದ್ದು ಈ ಎರಡರ ನಡುವೆ.

ನಾನು ಶ್ರೀವಿದ್ಯಾ, ಮೈಸೂರಿನವಳು. ಪಾಮರ್ಸ್ಟನ್ ನಾರ್ತಿಗೆ ಬಂದು ಹದಿನಾಲ್ಕು ವರ್ಷವಾಯಿತು. ನೀಲಗಂಗಾ ನಮ್ಮ ಹಿಂದಿನ ರಸ್ತೆಯವಳು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದವಳು. ಗಂಡ ಕೇದಾರನಿಗೆ ಇಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು, ಅವಳೂ ಬಂದಳು. ಯೂನಿವರ್ಸಿಟಿಯ ಪ್ರಯೋಗಾಲಯದಲ್ಲಿ ಅವಳಿಗೊಂದು ಕೆಲಸ ಇನ್ನೇನು ಕೈಗೆ ಬಂತು ಎನ್ನುವಾಗ ಅತ್ತೆ ಗುರುಸಿದ್ದವ್ವ ಬಂದರು. ಅವರ ಮಂಡಿ ನೋವು, ಸಕ್ಕರೆ ಕಾಯಿಲೆ, ಮೂರು ಹೊತ್ತಿನ ರೊಟ್ಟಿ, ಎರಡು ಹೊತ್ತಿನ ಲಿಂಗಪೂಜೆ. ಮನೆಯಲ್ಲಿ ಯಾರಾದರೂ ಇರಬೇಕಲ್ಲ ಎಂದ ಕೇದಾರ. ಯಾರಾದರೂ ಅಂದರೆ ಯಾರು ಅಂತ ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಗುರುಸಿದ್ದವ್ವ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ಜಗಳವಾಡಿ ಹೊರಗೆ ಬರಬಹುದಿತ್ತು. ಅವರು ಸೊಸೆಯನ್ನು ಬಾಯಿತುಂಬ ಹೊಗಳುತ್ತಿದ್ದರು, ಅವಳಿಲ್ಲದೆ ತುತ್ತು ಎತ್ತುತ್ತಿರಲಿಲ್ಲ. ನೀಲಗಂಗಾ ಲೈಬ್ರರಿಗೆ ಹೋದರೂ ಬರುವ ತನಕ ಕಿಟಕಿಯ ಹತ್ತಿರ ಕುಳಿತಿರುತ್ತಿದ್ದರು. ಅಷ್ಟು ಪ್ರೀತಿಯನ್ನು ಹೊತ್ತು ತಿರುಗುವುದು ನನ್ನ ಕೈಲಂತೂ ಆಗದು.

ಗುರುವಾರ ಮಧ್ಯಾಹ್ನ ಮಾತ್ರ ಅವಳದು. ಅತ್ತೆ ಊಟ ಮಾಡಿ ಮಲಗಿದ ಮೇಲೆ ಎರಡು ಗಂಟೆಯ ಹೊತ್ತು ಬೇಲಿಯಾಚೆಯ ಹಿಲರಿಯ ಮನೆಗೆ ಹೋಗುತ್ತಿದ್ದಳು. ಹಿಲರಿಗೆ ಎಂಬತ್ತರ ಹತ್ತಿರ. ತೀರಿಹೋದ ಗಂಡ ಇಂಗ್ಲೆಂಡಿನ ಪಶ್ಚಿಮದ ಹಳ್ಳಿಯವನು. ಅಲ್ಲಿ ತೋಟದ ಮನೆಗಳಲ್ಲಿ ಸೇಬಿನ ಸೈಡರನ್ನು ತಾವೇ ಮಾಡಿಕೊಳ್ಳುತ್ತಾರಂತೆ. ಅವನು ನೆಟ್ಟ ಐದು ಸೇಬಿನ ಗಿಡ, ಅವನು ಮಾಡಿದ ಮರದ ಗಾಣ ಹಿತ್ತಲಲ್ಲಿ ಆರು ವರ್ಷದಿಂದ ಸುಮ್ಮನೆ ಬಿದ್ದಿದ್ದವು. ಇಲ್ಲಿ ಚಳಿಗಾಲಕ್ಕೆ ಮುಂಚಿನ ಏಪ್ರಿಲಿನಲ್ಲಿ ಉದುರಿ ಕೊಳೆಯುವ ಹಣ್ಣು ನೋಡಿ ನೀಲಗಂಗಾಳ ಕೈ ಸುಮ್ಮನಿರಲಿಲ್ಲ.

ಮೊದಲ ವರ್ಷ ಒಂದೇ ಜಾಡಿ. ಹಣ್ಣು ಆರಿಸಿ, ತೊಳೆದು, ಜಜ್ಜಿ, ಬಟ್ಟೆಯಲ್ಲಿ ಕಟ್ಟಿ ಗಾಣಕ್ಕಿಟ್ಟು ಹಿಂಡುವುದು. ಕಂದು ಬಣ್ಣದ ರಸವನ್ನು ಕಿರಿದಾದ ಕೊರಳಿನ ಗಾಜಿನ ಜಾಡಿಗೆ ತುಂಬಿ, ಬಾಯಿಗೆ ನೀರಿನ ಬಿರಡೆ ಹಾಕುವುದು. ಒಳಗಿನ ಗಾಳಿ ಅದರ ಮೂಲಕ ಗುಳುಕ್ ಎಂದು ಹೊರಗೆ ಬರುತ್ತದೆ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. ಸಕ್ಕರೆ ಇಲ್ಲ, ಅಂಗಡಿಯ ಯೀಸ್ಟ್ ಇಲ್ಲ. ಹಣ್ಣಿನ ಸಿಪ್ಪೆಯ ಮೇಲೆ ಇರುವ ಜೀವಗಳೇ ಚಳಿಗಾಲವಿಡೀ ಕೆಲಸ ಮಾಡುತ್ತವೆ. ನೀಲಗಂಗಾ ಪ್ರತಿ ವಾರ ನೋಡಿ, ಮೂಸಿ, ಹಳೆಯ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಒಂಬತ್ತು ವರ್ಷ ಕಲಿಸಿದ ವಿದ್ಯೆಗೆ ಈ ದೇಶದಲ್ಲಿ ಸಿಕ್ಕ ಕೆಲಸ ಅದೊಂದೇ.

ಅದರ ರುಚಿ ನೋಡಲು ನನ್ನನ್ನೂ ಕರೆದಿದ್ದಳು. ಮೊದಲ ಗುಟುಕಿಗೆ ನಾನು ಮುಖ ಕಿವುಚಿದೆ. ಸಿಹಿ ಇಲ್ಲ, ಗುಳ್ಳೆ ಇಲ್ಲ, ನೆಲ್ಲಿಕಾಯಿ ತಿಂದಾಗಿನ ಒಗರು. ಮೂರನೆಯ ಗುಟುಕಿಗೆ ಹಣ್ಣಿನ ವಾಸನೆ ಮೂಗಿನ ಹಿಂದಿನಿಂದ ಮೇಲೆ ಬಂತು. ಹಿಲರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಮೂವರು ಹೆಂಗಸರು ಬಿಸಿಲಿಗೆ ಕಾಲು ಚಾಚಿ ಕುಳಿತು ಅರ್ಧ ಗ್ಲಾಸು ಕುಡಿಯಲು ಒಂದು ಗಂಟೆ ತೆಗೆದುಕೊಂಡೆವು. ನೀಲಗಂಗಾ ಅವತ್ತು ನಕ್ಕಷ್ಟು ನಾನು ಮತ್ತೆ ನೋಡಿಲ್ಲ.

ಎರಡನೆಯ ವರ್ಷ ಮೂರು ಜಾಡಿ ತುಂಬಿದಳು. ಜುಲೈನಲ್ಲಿ ಹಿಲರಿ ಮನೆ ಮಾರಿ ನೆಲ್ಸನ್ ಊರಿನಲ್ಲಿರುವ ಮಗಳ ಬಳಿಗೆ ಹೊರಟರು. ಗಾಣ, ಜಾಡಿ ಎಲ್ಲವೂ ನಿನ್ನವು ಎಂದರು. ನಾನು ಊರಲ್ಲಿರಲಿಲ್ಲ. ಮೂರು ಜಾಡಿ ಬೇಲಿ ದಾಟಿ ನೀಲಗಂಗಾಳ ಶೆಡ್ಡಿಗೆ ಬಂದವು, ಕಿಟಕಿಯಿಂದ ಗುರುಸಿದ್ದವ್ವ ನೋಡಿದರು. ಏನವ್ವಾ ಅದು ಎಂದು ಕೇಳಿದರು. ಆಪಲ್ ಸೈಡರ್ ಎಂದಳು. ಊರಿನ ಡಾಕ್ಟರು ಸಕ್ಕರೆಗೆ ಒಳ್ಳೆಯದೆಂದು ಹೇಳಿದ್ದು ಇದನ್ನೇ ಅಲ್ಲವೇ ಎಂದು ಅತ್ತೆಯ ಮುಖ ಅರಳಿತು.

ಊರಿಗೆ ಮರಳಿ ಇದನ್ನೆಲ್ಲ ಕೇಳಿ ನಾನು ಬೈದೆ. ಅಲ್ಲೇ ನಿಜ ಹೇಳಬಾರದಿತ್ತೇ ಎಂದೆ.

"ನಾ ಸುಳ್ಳ ಹೇಳಿಲ್ಲಕ್ಕ," ಅಂದಳು. "ಸೈಡರ್ ಅಂದೆ. ಅವರ ತಮಗ ತಿಳದಂಗ ತಿಳ್ಕೊಂಡ್ರು. ಕೊರಳಾಗ ಲಿಂಗಾ ಕಟ್ಟಿಕೊಂಡವರಿಗೆ ಶೆಡ್ಡಿನಾಗ ಸೆರೆ ಐತಿ ಅಂತ ಹೆಂಗ ಹೇಳ್ಲಿ? ಹೇಳಿದ್ರ ಮರುದಿನ ಶೆಡ್ಡಿಗೆ ಕೀಲಿ ಬೀಳ್ತದ. ನನಗ ಇರೂದು ಅದೊಂದ."

ಅತ್ತೆ ದಿನಾ ಎರಡು ಚಮಚ ಕೇಳತೊಡಗಿದರು. ಅದು ಇನ್ನೂ ಪಕ್ವವಾಗಿಲ್ಲವೆಂದು ಹೇಳಿ, ಸೂಪರ್‌ಮಾರ್ಕೆಟ್ಟಿನ ವಿನೆಗರನ್ನು ಲೇಬಲ್ ಕಿತ್ತ ಬಾಟಲಿಗೆ ಸುರಿದು, ಹೋದ ವರ್ಷದ್ದು ಎಂದು ಕೊಟ್ಟಳು. ಈಗ ಅದು ಸುಳ್ಳೇ ಆಯಿತು. ಎರಡು ವಾರಕ್ಕೆ ಅತ್ತೆಯ ಸಕ್ಕರೆ ಸ್ವಲ್ಪ ಇಳಿಯಿತು. ಯಾವುದರಿಂದ ಇಳಿಯಿತೋ ಶಿವನೇ ಬಲ್ಲ. ಕನ್ನಡ ಸಂಘದ ತಿಂಗಳ ಸಭೆಯಲ್ಲಿ ಗುರುಸಿದ್ದವ್ವ ಎದ್ದು ನಿಂತು ಸೊಸೆಯ ಕೈಗುಣವನ್ನು ಹೊಗಳಿದರು. ನವೆಂಬರಿನ ರಾಜ್ಯೋತ್ಸವಕ್ಕೆ ಮನೆಗೊಂದು ಬಾಟಲಿ ಕೊಡುತ್ತೇವೆಂದೂ ಸಾರಿಬಿಟ್ಟರು. ಚಪ್ಪಾಳೆ ಬಿತ್ತು. ನಾನು ನೀಲಗಂಗಾಳ ಕಡೆ ನೋಡಿದೆ. ಅವಳು ಕೈಮುಗಿದು ಕುಳಿತಿದ್ದಳು.

ಉಳಿದದ್ದು ಕೇದಾರನೊಬ್ಬನೇ. ಅವನು ಶುಕ್ರವಾರ ಆಫೀಸಿನವರ ಜೊತೆ ಬಿಯರ್ ಕುಡಿದು, ಏಲಕ್ಕಿ ಅಗಿದು ಮನೆಗೆ ಬರುವವನು. ಅದು ನಮಗೆಲ್ಲ ಗೊತ್ತು, ಅವನ ತಾಯಿಗೊಬ್ಬರಿಗೆ ಗೊತ್ತಿಲ್ಲ. ಅವನಾದರೂ ತಾಯಿಗೆ ನಯವಾಗಿ ಹೇಳಿ ಬಿಡಿಸಿಯಾನು ಎಂದು ಅವಳಿಗೆ ಆಸೆಯಿತ್ತು, ನನಗೂ ಇತ್ತು. ಆಗಸ್ಟಿನ ಒಂದು ಶನಿವಾರ ಅವನನ್ನು ಶೆಡ್ಡಿಗೆ ಕರೆದು ಒಂದು ಗ್ಲಾಸು ಕೊಟ್ಟು ಎಲ್ಲವನ್ನೂ ಹೇಳಿದಳು. ಅವನು ನಿಂತಲ್ಲೇ ಪೂರ್ತಿ ಕುಡಿದ. ಇನ್ನರ್ಧ ಕೇಳಿ ಕುಡಿದ. ಆಮೇಲೆ ಅವನು ಆಡಿದ ಮಾತನ್ನು ಅವಳು ನನಗೆ ಅಕ್ಷರ ಬಿಡದೆ ಒಪ್ಪಿಸಿದಳು.

"ಛಲೋ ಆಗೇತಿ, ಖರೇನ ಛಲೋ ಆಗೇತಿ. ಆದ್ರ ಅವ್ವಗ ವಿನೆಗರ್ ಅಂತ ಹೇಳೀದಿ, ಮಂದಿ ಮುಂದೂ ಆಗೇತಿ. ಇನ್ನ ವಿನೆಗರ್ ಮಾಡಿಬಿಡು, ಮುಗೀತು."

ನನಗೆ ಮೈಯೆಲ್ಲ ಉರಿಯಿತು. ಹೋಗಿ ಅವನ ಶುಕ್ರವಾರಗಳ ಲೆಕ್ಕ ಒಪ್ಪಿಸುತ್ತೇನೆ ಎಂದೆ. ನೀಲಗಂಗಾ ನನ್ನ ಕೈ ಹಿಡಿದು, ಅದರಿಂದ ಅತ್ತೆ ಅಳುತ್ತಾರೆ, ಜಾಡಿಯಂತೂ ಉಳಿಯುವುದಿಲ್ಲ ಎಂದಳು. ಅದೂ ನಿಜವೇ.

ಮುಂದಿನ ಗುರುವಾರ ನನ್ನನ್ನು ಕರೆದಳು. ಸೈಡರನ್ನು ವಿನೆಗರ್ ಮಾಡಲು ವಿಶೇಷ ಏನೂ ಬೇಡ. ಇಷ್ಟು ದಿನ ಯಾವ ಗಾಳಿಯನ್ನು ಹೊರಗಿಟ್ಟು ಕಾಪಾಡಿದ್ದಳೋ ಅದನ್ನು ಒಳಗೆ ಬಿಟ್ಟರೆ ಸಾಕು. ಅಗಲ ಬಾಯಿಯ ಮೂರು ಬಕೆಟ್ಟುಗಳನ್ನು ತೊಳೆದಿಟ್ಟಿದ್ದಳು. ಜಾಡಿಗಳನ್ನು ಒಂದೊಂದಾಗಿ ಬಗ್ಗಿಸಿದೆವು. ಬಂಗಾರದ ಬಣ್ಣ, ತಿಳಿಯೆಂದರೆ ತಿಳಿ. ಶೆಡ್ಡೆಲ್ಲ ಹಣ್ಣಿನ ವಾಸನೆ ತುಂಬಿತು. ಪ್ರತಿ ಬಕೆಟ್ಟಿಗೂ ಅಂಗಡಿಯ ವಿನೆಗರಿನ ತಳದಲ್ಲಿದ್ದ, ಹುಳಿ ಹಿಡಿಸುವ ಲೋಳೆಯನ್ನು ಒಂದೊಂದು ಸೌಟು ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿದಳು. ಎಲ್ಲ ವಿನೆಗರೂ ಒಮ್ಮೆ ಹೆಂಡವಾಗಿದ್ದೇ ಹುಳಿಯಾಗುವುದು, ಕಾಲೇಜಿನಲ್ಲಿ ಮಕ್ಕಳಿಗೆ ಇದೇ ಪಾಠ ಮಾಡುತ್ತಿದ್ದೆ ಎಂದಳು. ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಅಳುತ್ತಿದ್ದವಳು ನಾನು.

ಒಂದು ಬಾಟಲಿಯಾದರೂ ತೆಗೆದಿಟ್ಟುಕೋ ಎಂದೆ. ಬೇಡವೆಂದಳು. ಮನೆಯೊಳಗಿಂದ ಅತ್ತೆ ಎದ್ದು ಕರೆಯುವುದು ಕೇಳಿಸಿತು, ಹೋದಳು.

ರಾಜ್ಯೋತ್ಸವಕ್ಕೆ ಅರಿಶಿನ ಕುಂಕುಮ ಬಣ್ಣದ ರಿಬ್ಬನ್ ಕಟ್ಟಿದ ನಲವತ್ತು ಪುಟ್ಟ ಬಾಟಲಿಗಳನ್ನು ಮೇಜಿನ ಮೇಲೆ ಜೋಡಿಸಿದ್ದರು. ಅಪ್ಪಟ ವಿನೆಗರ್, ಬಹಳ ಚೆನ್ನಾಗಿಯೇ ಆಗಿತ್ತು. ಗುರುಸಿದ್ದವ್ವ ಒಬ್ಬೊಬ್ಬರ ಕೈಗೂ ತಾವೇ ಕೊಟ್ಟರು. ಬೇಲಿಯಾಚೆಯ ಹೊಸಬರಿಗೆ ಸೇಬು ಬೇಡವಂತೆ, ಮುಂದಿನ ವರ್ಷ ನೂರು ಬಾಟಲಿ ಮಾಡೋಣ ಎಂದರು. "ಆಗ್ಲಿ ರೀ ಅತ್ತಿ," ಅಂದಳು ನೀಲಗಂಗಾ.

ಪಾತ್ರೆ ತೊಳೆಯುವಾಗ ನಾನು ಅವಳ ಪಕ್ಕ ನಿಂತು ಗುಟ್ಟಾಗಿ ಹೇಳಿದೆ: "ಏಪ್ರಿಲ್‌ನಲ್ಲಿ ಒಂದು ಜಾಡಿ ನಮ್ಮ ಗ್ಯಾರೇಜಲ್ಲಿ ಇಟ್ಟುಬಿಡು. ಗುರುವಾರ ಬಂದು ನೋಡ್ಕೊಂಡು ಹೋಗು."

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ನಲ್ಲಿ ನಿಲ್ಲಿಸಿ.

"ನಿಮ್ಮ ಮನಿಗೆ ಯಾಕ ಹೊಂಟಿ ಅಂತ ಕೇಳ್ತಾರಕ್ಕ. ಅದಕ್ಕ ಮತ್ತೇನಂತ ಹೆಸರಿಡ್ಲಿ?"

ಅವಳು ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು.